ಕಬ್ಬಿನ ಹೊಲದ ಮಕ್ಕಳೂ ನಮ್ಮ ಶಾಲೆಗೆ ಬರಲಿ

(ಸಂಗೊಳ್ಳಿಯ ರೈತರ ಮುಂದೆ ಮಾಡಿದ ಭಾಷಣ)



ಸಂಗೊಳ್ಳಿಗೆ ಬಂದು ಶಾಲೆಯ ಮಾತು ಹೇಳಲು ಅಂಜಿಕೆಯಾಗುತ್ತದೆ. ರಾಯಣ್ಣನ ಹೆಸರಿನ ಸೈನಿಕ ಶಾಲೆ ಇಲ್ಲಿಯೇ ಆರಂಭವಾಗಿದೆ. ಅತ್ತ ಕಿತ್ತೂರಿನಲ್ಲಿ ಚನ್ನಮ್ಮ ರಾಣಿಯ ಹೆಸರಿನ ಹೆಣ್ಣುಮಕ್ಕಳ ವಸತಿ ಶಾಲೆ 1969ರಿಂದ ನಡೆದಿದೆ. ದೂರದ ಊರುಗಳಿಂದ ಮಕ್ಕಳು ಪರೀಕ್ಷೆ ಬರೆದು ಇಂಥ ಶಾಲೆಗಳಿಗೆ ಬರುತ್ತಾರೆ. ನಾನು ಇಂದು ಹೇಳಬೇಕಾದುದು ಯಾವ ಪರೀಕ್ಷೆಗೂ ಕೂಡದ ಮಕ್ಕಳ ವಿಷಯ. ಅವರೂ ದೂರದಿಂದಲೇ ಬರುತ್ತಾರೆ, ತಂದೆತಾಯಿಗಳ ಸಂಗಡ, ಪಾತ್ರೆ ಪಗಡ ಹೇರಿದ ಟ್ರ್ಯಾಕ್ಟರಿನಲ್ಲಿ. ನಿಮ್ಮ ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು ಅವರು.

ಕಾರ್ಖಾನೆಯ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಹೋಳಿ ಹುಣ್ಣಿವೆಯ ತನಕ ನಡೆಯುತ್ತದೆ. ಶಾಲೆಯ ವರ್ಷವೋ ಜೂನಿನಿಂದ ಏಪ್ರಿಲ್ ತನಕ. ಈ ಎರಡನ್ನೂ ಎದುರುಬದುರು ಇಟ್ಟು ನೋಡಿರಿ. ಹುಡುಗನ ಹೆಸರು ಅವನ ಊರಿನ ಹಾಜರಿ ಪುಸ್ತಕದಲ್ಲಿ ಜೂನಿನಲ್ಲಿ ಏರುತ್ತದೆ. ದಸರೆಯ ಸೂಟಿ ಮುಗಿದು ಶಾಲೆಯ ಬಾಗಿಲು ತೆರೆಯುವಾಗ ಅವನು ಬೀಡಿನಲ್ಲೋ ವಿಜಯಪುರದಲ್ಲೋ ಇರುವುದಿಲ್ಲ, ನಮ್ಮ ಕಡೆಯ ಯಾವುದೋ ಹೊಲದ ಬದಿಯ ಗುಡಿಸಲಲ್ಲಿರುತ್ತಾನೆ. ಮರಳಿ ಊರು ಸೇರುವ ಹೊತ್ತಿಗೆ ಅಲ್ಲಿ ಪರೀಕ್ಷೆ, ಅದರ ಹಿಂದೆಯೇ ಬೇಸಿಗೆಯ ರಜೆ. ಬಿತ್ತಿ, ಒಮ್ಮೆಯೂ ಎಡೆ ಹೊಡೆಯದೆ ಬಿಟ್ಟ ಹೊಲದ ಗತಿ ನಿಮಗೆ ಗೊತ್ತಿದೆ. ಈ ಹುಡುಗನ ಓದಿನ ಗತಿಯೂ ಅದೇ. ಬಿಡಿ ಅಕ್ಷರಗಳು ಬರುತ್ತವೆ, ಕಾಗುಣಿತ ಅರ್ಧಮರ್ಧ ಬರುತ್ತದೆ, ಒತ್ತಕ್ಷರಕ್ಕೆ ಬಂದೊಡನೆ ಬಾಯಿ ಕಟ್ಟುತ್ತದೆ. ಕಬ್ಬು ಎಂದು ಓದಲು ಒತ್ತಕ್ಷರ ಬೇಕು. ವರ್ಷದ ಅರ್ಧವನ್ನು ಕಬ್ಬಿನಲ್ಲಿಯೇ ಕಳೆದವನಿಗೆ ಆ ಒಂದು ಶಬ್ದ ಓದಲು ಬಾರದು.

ಇದರಿಂದ ಏನು ಕೆಟ್ಟೀತು ಎನ್ನುವವರು ತಮ್ಮ ತೂಕದ ಚೀಟಿಯನ್ನು ನೆನೆಸಿಕೊಳ್ಳಲಿ. ಕಾರ್ಖಾನೆಯಿಂದ ಬಂದ ಚೀಟಿಯನ್ನು ನೀವು ಎರಡು ಸಲ ಓದುತ್ತೀರಿ, ಸಂಶಯ ಬಂದರೆ ಕೇಳುತ್ತೀರಿ. ಗ್ಯಾಂಗಿನವರು ಮುಕಾದಮನಿಂದ ಮುಂಗಡ ಪಡೆದು ಬಂದವರು. ಎಷ್ಟು ಟನ್ನು ಕಡಿದರು, ಎಷ್ಟು ಮುರಿದುಕೊಂಡರು, ಬಾಕಿ ಎಷ್ಟು ಉಳಿಯಿತು ಎಂಬುದೆಲ್ಲ ಅವನ ವಹಿಯಲ್ಲಿದೆ. ಓದಲು ಬಾರದ ತಂದೆ ಹೇಳಿದ ಲೆಕ್ಕವನ್ನು ನಂಬಿ ಮುಂದಿನ ವರ್ಷಕ್ಕೂ ಒಪ್ಪಿಕೊಳ್ಳುತ್ತಾನೆ. ಮಗನೂ ಓದದಿದ್ದರೆ ಅದೇ ವಹಿ ಅವನ ಹೆಸರಿಗೆ ಬರುತ್ತದೆ.

ಕಾನೂನು ಏನನ್ನುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇದು ಬಹಳ ಜನರಿಗೆ ತಿಳಿದಿಲ್ಲ. 2009ರಲ್ಲಿ ಆದ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಬಂತೆಂದು ತಿರುಗಿ ಕಳಿಸುವಂತಿಲ್ಲ. ಹುಟ್ಟಿದ ತಾರೀಖಿನ ದಾಖಲೆ ಇಲ್ಲ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲ ಎಂಬ ಕಾರಣಕ್ಕೂ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂಡ್ರಿಸಿ, ಹಿಂದುಳಿದುದನ್ನು ಬೇರೆಯಾಗಿ ಕಲಿಸಬೇಕು. ಕೆಲಸ ಅರಸಿ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು ಕಾಯಿದೆಯಲ್ಲಿಯೇ ಬರೆದಿದೆ. ಹೆಸರು ದಾಖಲಾದ ಮೇಲೆ ಬಿಸಿಯೂಟವೂ ಹಾಲೂ ಪುಸ್ತಕವೂ ಆ ಮಗುವಿಗೆ ಉಳಿದವರಂತೆಯೇ ಸಲ್ಲುತ್ತವೆ. ಟೆಂಟ್ ಶಾಲೆಗಳೂ ಇವೆ. ಏನೂ ಇಲ್ಲದುದಕ್ಕಿಂತ ಅವು ಮೇಲು. ಆದರೆ ಊರ ಶಾಲೆಯ ಗಂಟೆ ಕಿವಿಗೆ ಕೇಳುತ್ತಿರುವಾಗ ಮಕ್ಕಳನ್ನು ಟೆಂಟಿನಲ್ಲಿ ಕೂಡ್ರಿಸುವುದು ನನಗೆ ಸರಿಕಾಣುವುದಿಲ್ಲ.

"ಅವರ ಮಾತು ಮರಾಠಿ, ಇಲ್ಲವೆ ಲಂಬಾಣಿ, ನಮ್ಮ ಕನ್ನಡ ಶಾಲೆಯಲ್ಲಿ ಕೂತು ಏನು ಮಾಡಿಯಾರು?" ಎಂದು ಕೇಳುವವರುಂಟು. ನಮ್ಮದೇ ಹಿಂದಿನ ಕಥೆ ಕೇಳಿರಿ. ಈ ಭಾಗ ಮುಂಬಯಿ ಸರಕಾರಕ್ಕೆ ಸೇರಿದ್ದ ಕಾಲದಲ್ಲಿ ಶಾಲೆಯೆಂದರೆ ಮರಾಠಿ ಶಾಲೆ ಎಂಬಂತಿತ್ತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ತಿಳಿಯದ ಮಾತಿನ ಪಾಠಕ್ಕೆ ಕೂಡಬೇಕಾಗಿತ್ತು. ಡೆಪ್ಯೂಟಿ ಚನ್ನಬಸಪ್ಪನವರು (1834–1881) ಶಿಕ್ಷಣ ಖಾತೆಯಲ್ಲಿದ್ದು ಇಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಆ ಕಷ್ಟವನ್ನು ಕಂಡ ಊರುಗಳು ನಮ್ಮವು. ಇಂದು ಅದೇ ಸ್ಥಿತಿಯಲ್ಲಿ ಬಂದ ಪರವೂರ ಮಗುವಿಗೆ ಒಂದಿಷ್ಟು ತಾಳ್ಮೆ ತೋರಿಸಬಲ್ಲೆವು. ಲೆಕ್ಕಕ್ಕಂತೂ ಯಾವ ಭಾಷೆಯೂ ಅಡ್ಡಬಾರದು. ಮಾತನ್ನು ಮಕ್ಕಳು ಆಟದಲ್ಲಿಯೇ ಹಿಡಿಯುತ್ತಾರೆ.

ಕೆಳಗಿನ ತರಗತಿಗಳಲ್ಲಿ ಇನ್ನೊಂದು ಅನುಕೂಲವಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿಕಲಿ ಪದ್ಧತಿಯಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದೆ. ನಡುವೆ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಏರಬಹುದು. ನಾಲ್ಕನೆಯ ತರಗತಿಯಿಂದ ಈ ಸೌಕರ್ಯವಿಲ್ಲ. ಆದುದರಿಂದ ಎಳೆಯ ಮಕ್ಕಳ ಒಂದು ಹಂಗಾಮನ್ನೂ ಕೆಡಿಸಬಾರದು.

ಇನ್ನು ನಿಮ್ಮ ಪಾಲಿನ ಕೆಲಸ. ಗ್ಯಾಂಗಿನವರು ನಸುಕಿನಲ್ಲಿಯೇ ಎದ್ದು ಕಡಿಯಲು ಹೋಗುತ್ತಾರೆ, ಶಾಲೆ ತೆರೆಯುವುದು ಹೊತ್ತೇರಿದ ಮೇಲೆ. ಮಗುವನ್ನು ಕಳಿಸುವವರು ಗುಡಿಸಲಲ್ಲಿ ಯಾರೂ ಇರುವುದಿಲ್ಲ. ಎಂಟು ವರ್ಷದ ಹುಡುಗಿ ಇದ್ದರೆ ಅವಳ ಸೊಂಟದ ಮೇಲೆ ತಮ್ಮನಿರುತ್ತಾನೆ. ಮೂರು ತುಂಬಿದ ಕೂಸಾದರೆ ಅಂಗನವಾಡಿಗೆ ಬಿಡಿಸಿರಿ, ಅಕ್ಕನ ಕೈ ಬಿಡುವಾಗುತ್ತದೆ. ಯಾರ ಹೊಲದ ಬದಿಗೆ ಗುಡಿಸಲು ಬಿದ್ದಿದೆಯೋ ಆ ಮನೆಯ ಮಕ್ಕಳು ಶಾಲೆಗೆ ಹೋಗುವಾಗ ಇವರನ್ನೂ ಕರೆದೊಯ್ಯಲಿ. 14 ತುಂಬದ ಮಕ್ಕಳಿಂದ ಕಬ್ಬು ಹೊರಿಸುವುದು ಅಪರಾಧವೆಂದು ಮುಕಾದಮನಿಗೆ ಮೊದಲ ದಿನವೇ ಹೇಳಿರಿ. ನೀವು ಹೇಳಿದರೆ ಕೇಳುತ್ತಾನೆ, ಮಾಸ್ತರರು ಹೇಳಿದರೆ ಕೇಳಲಿಕ್ಕಿಲ್ಲ.

ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ನೀವೇ ಇದ್ದೀರಿ, ತಾಯಂದಿರೂ ಇದ್ದೀರಿ. ದಸರೆಯ ಮೊದಲೇ ಒಂದು ಸಭೆ ಕೂಡಿ, ಯಾರ ಹೊಲಕ್ಕೆ ಗ್ಯಾಂಗು ಬರುವುದಿದೆ ಎಂದು ಬರೆದುಕೊಳ್ಳಿರಿ. ಅವರು ಬಂದಿಳಿದ ವಾರದಲ್ಲಿಯೇ ಮಕ್ಕಳನ್ನು ಎಣಿಸಿರಿ. ಹಾಗೆಯೇ ನಮ್ಮ ಕುರಿಗಾರರು ಹಿಂಡು ಹೊಡೆದುಕೊಂಡು ಹೊರಡುವಾಗ ಸಂಗಡ ಹೋಗುವ ಮಕ್ಕಳ ಹೆಸರನ್ನೂ ಬರೆದಿಡಿರಿ. ಅವರು ತಂಗುವ ಊರಿನ ಶಾಲೆಗೂ ಇದೇ ಕಾಯಿದೆ ಇದೆ.

ಕೊನೆಗೆ ಒಂದು ಕಾಗದದ ಮಾತು. ಮಗು ಹೊರಡುವಾಗ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಇಲ್ಲಿ ಕಲಿತುದು ಅದರ ಊರಿನ ಮಾಸ್ತರರಿಗೆ ತಿಳಿಯಬೇಕಲ್ಲ. ಆದರೆ ಕಡಿತ ಮುಗಿದ ರಾತ್ರಿಯೇ ಗ್ಯಾಂಗು ಟ್ರ್ಯಾಕ್ಟರ್ ಹತ್ತಿಬಿಡುತ್ತದೆ. ಆದುದರಿಂದ ಕಡೆಯ ಫಡ ಹತ್ತಿರ ಬಂದಾಗ ರೈತರು ಶಾಲೆಗೆ ಸುದ್ದಿ ಮುಟ್ಟಿಸಿರಿ, ಮುಖ್ಯಾಧ್ಯಾಪಕರು ಪತ್ರಗಳನ್ನು ಬರೆದು ಸಿದ್ಧವಾಗಿ ಇಟ್ಟುಕೊಳ್ಳಲಿ.