ನಮ್ಮ ತಾರಸಿ ಮೇಲಿನ ಸ್ಮಾರಕ

ಜಯನಗರದಲ್ಲೋ ಬನಶಂಕರಿಯಲ್ಲೋ ಇದ್ದೀರಾ? ತಾರಸಿ ಹತ್ತಿ ದಕ್ಷಿಣಕ್ಕೆ ತಿರುಗಿ, ಕತ್ತು ಚೆನ್ನಾಗಿ ಮೇಲೆತ್ತಿ. ಏನೂ ಕಾಣಲ್ಲ, ಗೊತ್ತು. ಆದ್ರೆ ಅಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ವರ್ಷಗಟ್ಟಲೆ ಕಲ್ಪನಾ ಚಾವ್ಲಾ ಅವರ ಹೆಸರಿನ ಸ್ಮಾರಕವೊಂದು ನಿಂತಿತ್ತು.

2002ರ ಸೆಪ್ಟೆಂಬರ್ 12ರಂದು ಶ್ರೀಹರಿಕೋಟಾದಿಂದ ಹಾರಿದಾಗ ಅದರ ಹೆಸರು ಬರೀ ಮೆಟ್‌ಸ್ಯಾಟ್. ಇಸ್ರೋದವರ ಹವಾಮಾನ ಉಪಗ್ರಹ, ಕಟ್ಟಿದ್ದು ನಮ್ಮ ಬೆಂಗಳೂರಲ್ಲೇ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ವಾಪಸ್ ಬರುವಾಗ ಒಡೆದುಹೋಯ್ತು. ಕಲ್ಪನಾ ಸೇರಿ ಏಳೂ ಜನ ತೀರಿಕೊಂಡರು. ನಾಲ್ಕೇ ದಿನದಲ್ಲಿ ಪ್ರಧಾನಿ ವಾಜಪೇಯಿ ಆ ಉಪಗ್ರಹಕ್ಕೆ ‘ಕಲ್ಪನಾ-1’ ಅಂತ ಹೆಸರಿಟ್ಟರು.

ಕಲ್ಲಿನ ಪ್ರತಿಮೆ ಆಗಿದ್ರೆ ವರ್ಷಕ್ಕೊಂದು ಹಾರ, ಉಳಿದ ದಿನ ಪಾರಿವಾಳ. ಇದು ದುಡೀತಿತ್ತು. ಮುಂಗಾರಿನ ಮೋಡ, ಸಮುದ್ರದ ಚಂಡಮಾರುತ, ಎಲ್ಲದರ ಚಿತ್ರ ಕಳಿಸ್ತಿತ್ತು. ಬಿಕಾಂ ಓದಿದವನು ನಾನು, ಲೆಕ್ಕ ನೋಡ್ತೀನಿ: ಏಳು ವರ್ಷಕ್ಕೆ ಅಂತ ಮಾಡಿದ್ದು, ಹತ್ತು ವರ್ಷ ದಾಟಿದ ಮೇಲೂ ಕೆಲಸ ಮಾಡ್ತು!

ಅದು ಸುಮ್ಮನಾದಾಗ ನನಗೆ ಗೊತ್ತೇ ಆಗಲಿಲ್ಲ. ಅದೇ ಬೇಜಾರು. ಭೂಪಸಂದ್ರದ ಕಡೆ ಕಲ್ಪನಾ ಚಾವ್ಲಾ ರಸ್ತೆ ಇದೆ, ಸರಿ. ನಮ್ಮ ಜೆ.ಪಿ. ನಗರದ ಯಾವುದಾದ್ರೂ ಪಾರ್ಕಲ್ಲಿ ಒಂದು ಚಿಕ್ಕ ಫಲಕ, ಆಕಾಶದ ಕಡೆಗೊಂದು ಬಾಣದ ಗುರುತು. ಅಷ್ಟು ಹಾಕಬಹುದಲ್ವಾ?