ಮರಿಯ ಜೊತೆಗೆ ಮೊದಲ ತಿಂಗಳನ್ನೂ ಕೊಡೋಣ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ವಿದ್ಯಾರ್ಥಿವೇತನದಿಂದ ಶುಲ್ಕ ಕಟ್ಟಬಹುದು. ಆದರೆ ನೋಟ್‌ಬುಕ್, ಬಸ್ ಪಾಸ್, ಚಪ್ಪಲಿ ಎಂದು ಬರುವ ಸಣ್ಣ ಖರ್ಚುಗಳಿಗೆ ತಾಯಂದಿರು ಅಕ್ಕಪಕ್ಕದವರ ಮುಂದೆ ಕೈಚಾಚಬೇಕಾಗುತ್ತದೆ. ಅದಕ್ಕೇ ಮನೆಗೆ ಹತ್ತು ಕೋಳಿಮರಿ ಕೊಡಿಸೋಣ ಎಂದು ಕೆಲವು ದಾನಿಗಳು ಹೇಳುತ್ತಾರೆ. ಒಳ್ಳೆಯ ವಿಚಾರ. ಆದರೆ ಬರೀ ಮರಿ ಕೊಟ್ಟು ಸುಮ್ಮನಾದರೆ ಅವುಗಳಲ್ಲಿ ಎಷ್ಟೋ ಮೊದಲ ತಿಂಗಳಲ್ಲೇ ಸಾಯುತ್ತವೆ. ಬಡವರ ಮನೆಯಲ್ಲಿ ಆಸೆಯೂ ಸಾಯುತ್ತದೆ.

ನಾಟಿ ಕೋಳಿಯ ಮರಿಗೆ ತಾಯಿಯ ರೆಕ್ಕೆ ಇರುತ್ತದೆ. ಹೊರಗಿನಿಂದ ತಂದ ಮರಿಗೆ ತಾಯಿ ಇಲ್ಲ. ತಾಯಿಯ ಕೆಲಸ ನಮ್ಮದು. ಮೊದಲ ವಾರ ಅದಕ್ಕೆ 35 ಡಿಗ್ರಿಯಷ್ಟು ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಗಾಳಿ ಹೊಡೆಯದ ಮೂಲೆಯಲ್ಲಿ ರಟ್ಟನ್ನು ಗುಂಡಗೆ ನಿಲ್ಲಿಸಿ, ಒಳಗೆ ಎರಡು ಅಂಗುಲ ಭತ್ತದ ಹೊಟ್ಟು ಹರಡಿ, ಮೇಲೆ ಹಳೆಯ ಕಾಲದ 60 ವ್ಯಾಟಿನ ಬಲ್ಬು ತೂಗುಹಾಕಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಥರ್ಮಾಮೀಟರ್ ಬೇಡ, ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿ ತೆರೆದು ಅಂಚಿಗೆ ಓಡಿದರೆ ಸೆಕೆ, ಎಲ್ಲ ಕಡೆ ಹರಡಿಕೊಂಡು ತಿನ್ನುತ್ತಿದ್ದರೆ ಹದ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಡಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ.

ಎರಡನೆಯದು ಲಸಿಕೆ. ಊರಿನ ಕೋಳಿಗಳನ್ನೆಲ್ಲ ಒಂದೇ ಸಲ ಒಯ್ಯುವುದು ಕೊಕ್ಕರೆ ರೋಗ. ಅದಕ್ಕೆ 7ನೇ ದಿನದ ಹೊತ್ತಿಗೆ ಲಸಿಕೆಯ ಹನಿ, 28ನೇ ದಿನದ ಹೊತ್ತಿಗೆ ಮತ್ತೊಮ್ಮೆ. ನಡುವೆ 14ನೇ ದಿನ ಗಂಬೋರೊ ಲಸಿಕೆ. ತೊಡಕು ಏನೆಂದರೆ, ಒಂದು ಸೀಸೆಯಲ್ಲಿ ನೂರು ಅಥವಾ ಇನ್ನೂ ಹೆಚ್ಚು ಮರಿಗಳಿಗಾಗುವ ಔಷಧ ಇರುತ್ತದೆ. ಮಂಜುಗಡ್ಡೆಯಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗಾಗಿ ಯಾರೂ ಇಷ್ಟು ಮಾಡುವುದಿಲ್ಲ. ಆದ್ದರಿಂದ ಒಂದು ಮೊಹಲ್ಲಾದ ಹತ್ತು ಮನೆಗೆ ಒಂದೇ ದಿನ ಮರಿ ಕೊಡಿ. ಆಗ ಲಸಿಕೆಯೂ ಒಂದೇ ದಿನ ಆಗುತ್ತದೆ.

ಹಿತ್ತಲಿಗೆ ಒಗ್ಗುವ ಗಿರಿರಾಜ, ಸ್ವರ್ಣಧಾರ ತಳಿಗಳು ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ರೂಪುಗೊಂಡವು. ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ, ಸ್ವರ್ಣಧಾರ ಚೆನ್ನಾಗಿ ಸಾಕಿದಲ್ಲಿ 180ರ ಹತ್ತಿರ ಇಡುತ್ತದೆ. ಆದರೆ ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮುಂದೆ ಮರಿ ಮಾಡಿಸಲು ಒಂದು ನಾಟಿ ಹೇಂಟೆ ಮನೆಯಲ್ಲಿರಲಿ.

ಅಮ್ಮಂದಿರೇ, ಲೆಕ್ಕವನ್ನೂ ಕೇಳಿ. ಹತ್ತು ಮರಿಯಲ್ಲಿ ಸುಮಾರು ಅರ್ಧ ಹುಂಜಗಳೇ ಆಗುತ್ತವೆ. ಹೇಂಟೆ ಮೊಟ್ಟೆ ಇಡಲು ಆರು ತಿಂಗಳು ಹಿಡಿಯುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮೊಟ್ಟೆಯ ದುಡ್ಡು ಕೈಗೆ ಬರಬೇಕಾದರೆ ಡಿಸೆಂಬರ್‌ನಲ್ಲೇ ಮರಿ ತರಬೇಕು. ಆರು ವಾರದವರೆಗೆ ಹೊರಗೆ ಬಿಡಬೇಡಿ. ಹದ್ದು, ಮುಂಗುಸಿ, ನಾಯಿ ಕಾದಿರುತ್ತವೆ. ಮೊದಲ ಮೊಟ್ಟೆಗಳು ಮಾರಾಟಕ್ಕಲ್ಲ, ಮಕ್ಕಳ ತಟ್ಟೆಗೆ. ಕೋಳಿ ನೋಡಿಕೊಳ್ಳಲೆಂದು ಮಗಳ ಶಾಲೆ ಮಾತ್ರ ಒಂದು ದಿನವೂ ತಪ್ಪಬಾರದು.

ಬೆಕ್ಕನ್ನು ಕೂಡಿಹಾಕಿ, ತಿನ್ನಲು ಕೊಡದೆ ಸಾಯಿಸಿದ ಹೆಂಗಸಿಗೆ ಬಂದ ಶಿಕ್ಷೆಯ ಕುರಿತ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಜೀವವನ್ನು ಗೂಡಿನಲ್ಲಿಟ್ಟ ಮೇಲೆ ಅದರ ಹೊಣೆ ಇಟ್ಟವರದು, ಕೊಟ್ಟವರದು ಕೂಡ.

ಆದ್ದರಿಂದ ದಾನಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಇಪ್ಪತ್ತು ಮನೆಗೆ ಬರೀ ಮರಿ ಕೊಡುವ ಬದಲು ಹತ್ತೇ ಮನೆಗೆ ಕೊಡಿ. ಉಳಿದ ಹಣದಲ್ಲಿ ಬಲ್ಬು, ಒಂದು ತಿಂಗಳ ಮರಿ ಆಹಾರ, ಲಸಿಕೆ ಒದಗಿಸಿ. ಕೋಳಿ ಸಾಕಿದ ಮನೆಯ ವಿದ್ಯಾರ್ಥಿವೇತನವನ್ನು ಕಡಿತ ಮಾಡಬೇಡಿ. ಇದು ಅದಕ್ಕೆ ಬದಲಿಯಲ್ಲ, ಊರುಗೋಲು.

ಅಲ್ಲಾಹನು ಕೊಡುವ ಕೈಗೂ ಸಾಕುವ ಕೈಗೂ ಬರಕತ್ ನೀಡಲಿ, ಮಕ್ಕಳ ಓದು ಪೂರ್ತಿಯಾಗಲಿ. ಆಮೀನ್.