ಮರ ಕಡಿಸುವ ಕೂಲಿಯ ಲೆಕ್ಕ

ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ತಮ್ಮಲ್ಲಿ ಅನೇಕರಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿರಬಹುದು. ಪಾಲಿಬೆಟ್ಟದ ಕಾಫಿ ತೋಟದಲ್ಲಿ ಬಲಿತ ಸಿಲ್ವರ್ ಓಕ್ ಮರವೊಂದನ್ನು ಕಡಿಸಿದರೆ, ವ್ಯಾಪಾರಿ ತೋಟದವರಿಗೆ ಹಣ ಕೊಟ್ಟು ಮರವನ್ನು ಒಯ್ಯುತ್ತಾನೆ. ಅದೇ ಜಾತಿಯ, ಅದೇ ಎತ್ತರದ ಮರ ತಮ್ಮ ಹಿತ್ತಿಲಲ್ಲಿದ್ದರೆ, ಕಡಿಯುವವನಿಗೆ ತಾವೇ ಹಣ ತೆರಬೇಕು. ಅದೂ ಸಣ್ಣ ಮೊತ್ತವಲ್ಲ. "ಮರವನ್ನೂ ಕೊಟ್ಟು, ಮೇಲೆ ಹಣವನ್ನೂ ಕೊಡಬೇಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಈಗ ನೋಡೋಣ.

ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದರ ತವರು ಆಸ್ಟ್ರೇಲಿಯದ ಪೂರ್ವ ಭಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಚಹ ಮತ್ತು ಕಾಫಿ ತೋಟಗಳ ನೆರಳಿಗೆಂದು ಅದನ್ನು ನಮ್ಮ ದೇಶಕ್ಕೆ ತಂದರು. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆಯಾಗುತ್ತದೆ. ವ್ಯಾಪಾರಿ ಇದನ್ನು ಕೊಳ್ಳುವುದು ಘನ ಅಡಿಯ ಲೆಕ್ಕದಲ್ಲಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುವುದು ಹಳೆಯ ರೂಢಿ. ಸುತ್ತಳತೆ 4 ಅಡಿ, ಉದ್ದ 40 ಅಡಿ ಇದ್ದರೆ 40 ಘನ ಅಡಿಯಾಯಿತು. ಅಷ್ಟೇ ಉದ್ದದ ದಿಮ್ಮಿಯ ಸುತ್ತಳತೆ 6 ಅಡಿಯಾದರೆ 90 ಘನ ಅಡಿ. ದಪ್ಪ ಒಂದೂವರೆ ಪಾಲಾದರೆ ಮರ ಎರಡು ಪಾಲಿಗೂ ಮೀರುತ್ತದೆಯೆಂಬುದನ್ನು ಗಮನಿಸಿ.

ಇದು ಮರದ ಬೆಲೆ. ಕಡಿಯುವ ಕೂಲಿಯ ಲೆಕ್ಕವೇ ಬೇರೆ. ತೋಟದಲ್ಲಿ ಮೊದಲು ಕೊಂಬೆಗಳನ್ನು ಇಳಿಸಿ, ಕಾಫಿ ಗಿಡಗಳು ಆದಷ್ಟು ಮುರಿಯದಂತೆ ಸಾಲುಗಳ ನಡುವೆ ಮರವನ್ನು ಇಡಿಯಾಗಿ ಕೆಡವಬಹುದು. ಪೇಟೆಯ ಹಿತ್ತಿಲಲ್ಲಿ ಅಂಥ ಜಾಗವೆಲ್ಲಿ? ಒಂದು ಕಡೆ ಹೆಂಚಿನ ಮಾಡು, ಇನ್ನೊಂದು ಕಡೆ ನೆರೆಯವರ ಕಾಂಪೌಂಡು, ಮುಂದೆ ರಸ್ತೆ, ಮೇಲೆ ವಿದ್ಯುತ್ ತಂತಿ. ಅಲ್ಲಿ ಮರವನ್ನು ಕೆಡವುವಂತಿಲ್ಲ, ತುದಿಯಿಂದ ತುಂಡುತುಂಡಾಗಿ ಹಗ್ಗದಲ್ಲಿ ಇಳಿಸಬೇಕು.

ಇಲ್ಲಿ ಇನ್ನೊಂದು ತೊಡಕುಂಟು. ಹಲಸಿನಂಥ ಹರಡಿದ ಮರದಲ್ಲಿ ಮೇಲಿನ ಗಟ್ಟಿ ಕೊಂಬೆಗೆ ಹಗ್ಗ ಹಾಯಿಸಿ, ಕೆಳಗಿನ ಕೊಂಬೆಯನ್ನು ಮೆಲ್ಲಗೆ ಇಳಿಸಬಹುದು. ಸಿಲ್ವರ್ ಓಕ್ ಆಗಲಿ, ಬಂಗಲೆಗಳ ಮುಂದೆ ಕಾಣುವ ಕ್ರಿಸ್‌ಮಸ್ ಮರವಾಗಲಿ, ಒಂದೇ ಕಾಂಡದ್ದು. ತುದಿ ಕಡಿಯುವಾಗ ಅದಕ್ಕಿಂತ ಮೇಲೆ ಹಗ್ಗ ಕಟ್ಟಲು ಏನೂ ಇರುವುದಿಲ್ಲ. ಕಡಿದ ಜಾಗದ ಕೆಳಗೆ ಕಟ್ಟಬೇಕು. ತುಂಡು ಬಿದ್ದು ಹಗ್ಗವನ್ನು ಜಗ್ಗಿದಾಗ ಬರುವ ಎಳೆತ ತುಂಡಿನ ತೂಕಕ್ಕಿಂತ ಎಷ್ಟೋ ಹೆಚ್ಚು. ಆ ಹೊಡೆತಕ್ಕೆ ಮರವೇ ಅಲುಗುತ್ತದೆ, ಅದರಲ್ಲಿ ಮನುಷ್ಯ ಕುಳಿತಿರುತ್ತಾನೆ. ಆದ್ದರಿಂದ ತುಂಡುಗಳು ಚಿಕ್ಕದಾಗಿರಬೇಕು. ಹೆಚ್ಚು ತುಂಡು ಎಂದರೆ ಹೆಚ್ಚು ಹೊತ್ತು. ಸಿಲ್ವರ್ ಓಕಿನ ಕೊಂಬೆ ಪೆಡಸು. ಒಣಗಿದ್ದರೆ ಅದರ ಮೇಲೆ ಕಾಲಿಡುವಂತೆಯೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಯಲಿನಲ್ಲಿ ಮೂವರು ಅರ್ಧ ದಿನದಲ್ಲಿ ಮುಗಿಸುವ ಮರಕ್ಕೆ ಒಂದೂವರೆ ಆಳಿನ ಕೂಲಿ. ಅದೇ ಮರ ಮಾಡಿನ ಮೇಲೆ ಬಾಗಿದ್ದು, ಐದು ಮಂದಿಗೆ ಎರಡು ದಿನ ಹಿಡಿದರೆ ಹತ್ತು ಆಳಿನ ಕೂಲಿ. ಹೆಚ್ಚುಕಡಿಮೆ ಏಳು ಪಾಲಾಯಿತು. ಮರ ಮಾತ್ರ ಅದೇ. ಇದರ ಮೇಲೆ ಗರಗಸದ ಯಂತ್ರದ ಖರ್ಚು, ಸೊಪ್ಪು ಸದೆ ಸಾಗಿಸುವ ಖರ್ಚು, ಬುಡ ಕೀಳಿಸುವುದಾದರೆ ಅದರ ಖರ್ಚು. ಒಂದೇ ಮರಕ್ಕಾಗಿ ವ್ಯಾಪಾರಿ ಲಾರಿ ತರುವುದೂ ಕಷ್ಟ. ಆದ್ದರಿಂದಲೇ ದಿಮ್ಮಿಯ ಬೆಲೆ ಕೂಲಿಯಲ್ಲಿ ಕರಗಿಹೋಗುತ್ತದೆ.

ಇನ್ನು ತಂತಿಯ ಮಾತು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಕಾರ್ಮಿಕರು ಜೀವ ಕಳೆದುಕೊಂಡ ಸುದ್ದಿ ಕೊಡಗಿನ ತೋಟಗಳಿಂದ ಮತ್ತೆ ಮತ್ತೆ ಬಂದಿದೆ. ಏಣಿ ಹಗುರ, ಹೊರಲು ಸುಲಭ. ಆದರೆ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಒದ್ದೆಯಾದ ಬಿದಿರಿನ ಏಣಿಯನ್ನೂ ನಂಬುವಂತಿಲ್ಲ. ಮರದ ಹತ್ತಿರ ತಂತಿ ಹಾದಿದ್ದರೆ, ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೆ ಮೊದಲೇ ತಿಳಿಸಿ, ಅವರು ಸಂಪರ್ಕ ತೆಗೆದ ಮೇಲೆಯೇ ಆಳು ಮರ ಹತ್ತಬೇಕು. ಅದಕ್ಕಾಗಿ ಅರ್ಧ ದಿನ ಕಾದರೆ ಆ ಹೊತ್ತಿನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯುವುದು ಧರ್ಮ.

ಕಾನೂನನ್ನೂ ಮರೆಯಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ಸಾಮಾನ್ಯವಾಗಿ ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿ, ನೀಲಗಿರಿ ಮೊದಲಾದ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿಯುಂಟು. ಬೀಟೆ, ನಂದಿಯಂಥ ಕಾಡುಮರಗಳ ಮಾತು ಬೇರೆ. ಕೊಡಗಿನಲ್ಲಿ, ಮರದ ಕಿಮ್ಮತ್ತನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗವಾದರೆ ಮರ ಯಾರದೆಂಬ ಪ್ರಶ್ನೆಯೂ ಏಳುತ್ತದೆ. ಕೊಡಲಿ ಎತ್ತುವ ಮುನ್ನ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹಾಗಾದರೆ ಕೂಲಿ ಗೊತ್ತುಮಾಡುವಾಗ ಏನು ಮಾಡಬೇಕು? ಮರ ನೋಡದೆ, ಫೋನಿನಲ್ಲೇ ಇಷ್ಟು ಎನ್ನುವವನಿಗೆ ಕೆಲಸ ಒಪ್ಪಿಸಬೇಡಿ. ಬಲ್ಲವನು ಮೊದಲು ಬುಡ ಸುತ್ತಿ, ಟೊಳ್ಳಿದೆಯೇ ಎಂದು ತಟ್ಟಿ ನೋಡುತ್ತಾನೆ. ಆಮೇಲೆ ಮರಕ್ಕೆ ಬೆನ್ನು ತಿರುಗಿಸಿ ಅಕ್ಕಪಕ್ಕದ ಜಾಗ ನೋಡುತ್ತಾನೆ. ಎಷ್ಟು ಆಳು, ಎಷ್ಟು ದಿನ, ಮರ ಯಾರಿಗೆ, ಸದೆ ಯಾರು ಒಯ್ಯಬೇಕು, ಹೆಂಚು ಒಡೆದರೆ ಯಾರ ಹೊಣೆ, ಆಳುಗಳಿಗೆ ಅಪಘಾತ ವಿಮೆಯಿದೆಯೇ, ಇವೆಲ್ಲವನ್ನೂ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಜೂನಿನ ಮಳೆ ಹತ್ತಿರವಾದಾಗ ಎಲ್ಲರಿಗೂ ಒಮ್ಮೆಗೇ ಮರದ ನೆನಪಾಗುತ್ತದೆ. ಆಗ ಆಳೂ ಸಿಗದು, ಕೂಲಿಯೂ ಏರುತ್ತದೆ. ಬೇಸಗೆಯ ಆರಂಭದಲ್ಲೇ ಗೊತ್ತುಮಾಡಿಕೊಂಡರೆ ನಿಮಗೂ ಅನುಕೂಲ, ಕೆಲಸದವರಿಗೂ ಅನುಕೂಲ.

ಮೂವರು ಮೂರು ಬೆಲೆ ಹೇಳಿದರೆ ಕಡಿಮೆಯದಕ್ಕೆ ಮನಸ್ಸು ಹರಿಯುವುದು ಸಹಜ. ಆದರೆ ಆ ಕಡಿಮೆ ಎಲ್ಲಿಂದ ಬಂತೆಂದು ಒಮ್ಮೆ ಕೇಳಿ. ಕೆಳಗೆ ಹಗ್ಗ ಹಿಡಿಯುವ ಆಳನ್ನು ಬಿಟ್ಟಿದ್ದಾನೆಯೆ? ಸೊಂಟದ ಪಟ್ಟಿ ಇಲ್ಲದೆ ಹತ್ತಿಸುತ್ತಾನೆಯೆ? ತಂತಿಯ ಸಂಪರ್ಕ ತೆಗೆಸದೆಯೇ ಮುಗಿಸುತ್ತಾನೆಯೆ? ಹಾಗಿದ್ದರೆ ಉಳಿದ ಹಣ ತಮ್ಮದಲ್ಲ, ಮರ ಹತ್ತಿದವನ ಹೆಂಡತಿ ಮಕ್ಕಳದು. ಅವನು ಸಂಜೆ ಮನೆಗೆ ಮರಳುವುದಕ್ಕೆ ಬೇಕಾದ ಖರ್ಚೂ ಸೇರಿದಾಗಲೇ ಕೂಲಿಯ ಲೆಕ್ಕ ಸರಿಯಾಗುತ್ತದೆ.